ಮಾಡು ಹತ್ತಿಸುವ ಮೊದಲು

ರೊಬಸ್ಟಾ ಕೊಯ್ಲು ಮುಗಿದು, ಕಣ ಖಾಲಿಯಾಗಿ, ಹೂಮಳೆಯೂ ಬಂದು ಹೋದ ಮೇಲೆ ನಮ್ಮ ಕಡೆ ಎಲ್ಲರಿಗೂ ಒಟ್ಟಿಗೇ ಮಾಡಿನ ನೆನಪಾಗುತ್ತದೆ. ಗೋಡೌನಿನ ಮೂಲೆ ಹೋದ ವರ್ಷ ಸೋರಿತ್ತು, ಪಲ್ಪರ್ ಮನೆಯ ಶೀಟು ತುಕ್ಕು ಹಿಡಿದಿದೆ, ಲೈನ್ ಮನೆಯ ಹೆಂಚನ್ನು ಮಂಗ ಕುಣಿದು ಒಡೆದಿದೆ. ಜೂನ್‌ನಲ್ಲಿ ಮುಂಗಾರು ಹಿಡಿದರೆ ಸೆಪ್ಟೆಂಬರ್ ಕಳೆಯುವ ತನಕ ಯಾರೂ ಮೇಲೆ ಹತ್ತುವಂತಿಲ್ಲ. ಅತ್ತಿಗುಂಡಿ, ಮಲ್ಲಂದೂರು, ಆ ಕಡೆ ಬಣಕಲ್, ಕೊಟ್ಟಿಗೆಹಾರ, ಕಳಸ, ಎಲ್ಲ ಊರಿನ ಎಲ್ಲ ಮಾಡುಗಳ ಕೆಲಸವೂ ಏಪ್ರಿಲ್, ಮೇ ಎರಡು ತಿಂಗಳಲ್ಲೇ ಆಗಬೇಕು. ಗುರುತಿನ ವೆಲ್ಡಿಂಗ್ ಶಾಪಿನವರು ಫೋನ್ ಎತ್ತುವುದಿಲ್ಲ. ಆಗ ಎಲ್ಲಿಂದಲೋ ಒಬ್ಬರು ಪಿಕಪ್‌ನಲ್ಲಿ ಬಂದಿಳಿದು, ಟೇಪ್ ಹಿಡಿದು ಅಳೆದು, ಚದರ ಅಡಿಗೆ ಇಷ್ಟು ಎಂದು ಹೇಳಿ, "ಅರ್ಧ ಅಡ್ವಾನ್ಸ್ ಕೊಡಿ ಅಮ್ಮ, ನಾಡಿದ್ದೇ ಶುರು ಮಾಡ್ತೀವಿ" ಅನ್ನುತ್ತಾರೆ.

ಬಾಬಾಬುಡನ್‌ಗಿರಿಯ ಬುಡದಲ್ಲಿ ಚಿಕ್ಕದೊಂದು ತೋಟ ನೋಡಿಕೊಳ್ಳುವವಳು ನಾನು. ಮಾಡಿನ ಕೆಲಸವನ್ನು ಯಾರಿಗೆ ಕೊಡಬಹುದು ಎಂದು ಅಕ್ಕಪಕ್ಕದವರು, ಅದರಲ್ಲೂ ಒಂಟಿಯಾಗಿ ತೋಟ ನಡೆಸುವ ಹೆಂಗಸರು, ನನ್ನನ್ನು ಕೇಳುವುದುಂಟು. "ಅವರ ಹತ್ರ ಲೈಸೆನ್ಸ್ ಇದ್ಯಾ ಅಕ್ಕ?" ಎನ್ನುವುದೇ ಮೊದಲ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಕರ್ನಾಟಕದಲ್ಲಿ ಮಾಡು ಹೊದಿಸುವ ಕೆಲಸಕ್ಕೆ ಅಂತಲೇ ಕೊಡುವ ಲೈಸೆನ್ಸ್ ಇಲ್ಲ. ಮನೆಗೆ ವೈರಿಂಗ್ ಮಾಡುವ ಕಂಟ್ರಾಕ್ಟರಿಗೆ ಸರ್ಕಾರದ ಪರವಾನಗಿ ಬೇಕು. ಅದೇ ಮನೆಯ ಮೇಲೆ ಇಪ್ಪತ್ತಡಿ ಎತ್ತರದಲ್ಲಿ ಕಬ್ಬಿಣದ ಟ್ರಸ್ ಕೂರಿಸಿ ನಾಲ್ಕು ಹುಡುಗರನ್ನು ಹತ್ತಿಸುವವರಿಗೆ ಪರೀಕ್ಷೆಯೂ ಇಲ್ಲ, ಪಟ್ಟಿಯೂ ಇಲ್ಲ. ಇದು ನಮ್ಮಲ್ಲಿ ಮಾತ್ರ ಹೀಗೆ ಅಂತೇನಿಲ್ಲ. ಅಮೆರಿಕದಲ್ಲಿ ಚಂಡಮಾರುತಗಳ ರಾಜ್ಯವಾದ ಫ್ಲೋರಿಡಾದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿನ ಗುತ್ತಿಗೆ ಹಿಡಿಯುವುದು ಅಪರಾಧ. ಅದೇ ದೇಶದ ಟೆಕ್ಸಾಸ್‌ನಲ್ಲಿ ರಾಜ್ಯದ ಲೈಸೆನ್ಸೇ ಇಲ್ಲ. ಹೀಗೆ ಸರ್ಕಾರ ಪರಿಶೀಲಿಸದ ಕಡೆ ಆ ಹೊಣೆ ಕೆಲಸ ಮಾಡಿಸುವವರ ಪಾಲಿಗೆ ಬೀಳುತ್ತದೆ.

ಹಾಗಂತ ಕಾಗದಗಳನ್ನು ಕೇಳುವುದೇ ಬೇಡ ಎಂದಲ್ಲ. ಯಾವ ಕಾಗದ ಏನು ಹೇಳುತ್ತದೆ ಎಂದು ತಿಳಿದು ಕೇಳಬೇಕು. ಕೆಲವರು ಪಿಡಬ್ಲ್ಯುಡಿ ಕ್ಲಾಸ್ ಕಂಟ್ರಾಕ್ಟರ್ ಎಂದು ಕಾರ್ಡು ತೋರಿಸುತ್ತಾರೆ. ಅದು ಸರ್ಕಾರಿ ಟೆಂಡರ್ ಹಾಕಲು ಬೇಕಾದ ನೋಂದಣಿ. ಸೇತುವೆ, ಚರಂಡಿ ಮಾಡಿದವರಿಗೆ ಶೀಟಿನ ಜೋಡಣೆ ಗೊತ್ತಿರಲೇಬೇಕೆಂದಿಲ್ಲ. ಉದ್ಯಮ್ ನೋಂದಣಿ 2020ರ ಜುಲೈನಿಂದ ಬಂದದ್ದು. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ, ತಮ್ಮ ಮಾತಿನ ಮೇಲೆಯೇ ಮಾಡಿಸಿಕೊಳ್ಳಬಹುದು. ಪಂಚಾಯಿತಿಯಿಂದ ಅಂಗಡಿಗೆ ಕೊಟ್ಟ ಪರವಾನಗಿ ಇದ್ದರೆ ಅವರಿಗೆ ಒಂದು ನೆಲೆಯಾದರೂ ಇದೆ, ನಾಳೆ ಹುಡುಕಿಕೊಂಡು ಹೋಗಬಹುದು ಎಂದು ತಿಳಿಯುತ್ತದೆ.

ಇವುಗಳಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಜಿಎಸ್‌ಟಿ ನಂಬರು. ಹದಿನೈದು ಅಕ್ಷರಗಳ ಆ ನಂಬರು ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ, ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಜಿಎಸ್‌ಟಿಯ ಸರ್ಕಾರಿ ಜಾಲತಾಣದಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನಲ್ಲಿದೆ, ಯಾವಾಗ ನೋಂದಣಿಯಾಯಿತು, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ಮೊಬೈಲ್ ಇದ್ದರೆ ಎರಡು ನಿಮಿಷದ ಕೆಲಸ. "ಹದಿನೈದು ವರ್ಷದಿಂದ ಇದೇ ಕೆಲಸ" ಎಂದವರ ನೋಂದಣಿ ಹೋದ ವರ್ಷದ್ದಾಗಿದ್ದರೆ, ಕಾರ್ಡಿನ ಹೆಸರು ಒಂದು, ಇಲ್ಲಿನ ಹೆಸರು ಇನ್ನೊಂದು ಆಗಿದ್ದರೆ ಏಕೆಂದು ಕೇಳಬಹುದು. ನಂಬರೇ ಇಲ್ಲ ಎಂದ ಮಾತ್ರಕ್ಕೆ ಮೋಸಗಾರರು ಎಂದು ತಿಳಿಯಬೇಡಿ. ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದ ಸೇವೆಯ ವಹಿವಾಟಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಿಲ್ಲ. ಊರಿನ ಒಳ್ಳೆಯ ಕೆಲಸಗಾರರಲ್ಲಿ ಹಲವರು ಆ ಮಿತಿಯ ಒಳಗೇ ಇರುತ್ತಾರೆ.

ಕಾಗದದ ಮಾತು ಇಷ್ಟು ಸಾಕು. ಇನ್ನು ಮಾಡಿನ ಮಾತಿಗೆ ಬರೋಣ.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಹೆಂಚು ಘಟ್ಟ ಹತ್ತಿ ಬಂದು ಹುಲ್ಲಿನ ಮಾಡುಗಳ ಜಾಗ ಹಿಡಿಯಿತು. ಹೆಂಚಿನ ಕಾಲದಲ್ಲಿ ಕೆಲಸಗಾರರ ಯೋಗ್ಯತೆಯನ್ನು ಯಾರೂ ಪ್ರತ್ಯೇಕವಾಗಿ ವಿಚಾರಿಸುತ್ತಿರಲಿಲ್ಲ. ಅದೇ ಊರಿನ ಅದೇ ಮನೆತನದವರು ಪ್ರತಿ ವರ್ಷ ಮಳೆಗೆ ಮುಂಚೆ ಬಂದು ಹೆಂಚು ಕೈಯಾಡಿಸಿ, ಲಡ್ಡಾದ ರೀಪು ಬದಲಿಸಿ ಹೋಗುತ್ತಿದ್ದರು. ಒಂದು ಕಡೆ ತಪ್ಪಿದ್ದರೆ ಆ ಒಂದು ಹೆಂಚಿನಡಿ ಸೋರುತ್ತಿತ್ತು, ಅಷ್ಟೇ. ಶೀಟು ಬಂದ ಮೇಲೆ ತಪ್ಪಿನ ಅಳತೆಯೇ ಬದಲಾಯಿತು. ಹೆಂಚಿನ ಮಾಡು ರೀಪೂ ಸೇರಿ ಚದರ ಮೀಟರಿಗೆ 60 ಕೆ.ಜಿ.ಯ ಆಸುಪಾಸು ತೂಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಬಣ್ಣದ ಶೀಟು ತೂಗುವುದು 4-5 ಕೆ.ಜಿ. ಹೆಂಚು ತನ್ನ ಭಾರಕ್ಕೇ ಕೂತಿರುತ್ತದೆ. ಶೀಟು ಸ್ಕ್ರೂ ಹಿಡಿದಷ್ಟು ಹೊತ್ತು ಮಾತ್ರ.

ಗಾಳಿ ಮಾಡನ್ನು ಒತ್ತುವುದಕ್ಕಿಂತ ಎತ್ತುವುದೇ ಹೆಚ್ಚು. ಇಳಿಜಾರಿನ ಮೇಲೆ ಗಾಳಿ ಹಾದು ಹೋಗುವಾಗ ಮೇಲಿನಿಂದ ಎಳೆತ, ತೆರೆದ ಜಗಲಿ ಅಥವಾ ಶೆಡ್ ಆದರೆ ಒಳಗಿನಿಂದ ನೂಕು, ಎರಡೂ ಸೇರುತ್ತವೆ. ಅದಕ್ಕೇ ಶೀಟು ಮೊದಲು ಏಳುವುದು ಸೂರಿನ ಅಂಚಿನಲ್ಲಿ, ಮೂಲೆಯಲ್ಲಿ, ತುದಿಯ ಏಣಿನಲ್ಲಿ. ಕಟ್ಟಡಗಳ ಮೇಲಿನ ಗಾಳಿಯ ಲೆಕ್ಕಕ್ಕೆ ಭಾರತೀಯ ಮಾನಕ ಬ್ಯೂರೋದ ಸಂಹಿತೆಯೊಂದಿದೆ, ಐಎಸ್ 875ರ ಮೂರನೇ ಭಾಗ, 2015ರಲ್ಲಿ ಪರಿಷ್ಕರಿಸಿದ್ದು. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ವೇಗ. 33 ಮೀಟರ್ ಅಂದರೆ ಗಂಟೆಗೆ ಹತ್ತಿರ ಹತ್ತಿರ 120 ಕಿಲೋಮೀಟರ್. ಅಂಥ ಗಾಳಿಯ ಒತ್ತಡ ಚದರ ಮೀಟರಿಗೆ 65 ಕೆ.ಜಿ.ಯಷ್ಟು. ಗುಡ್ಡದ ನೆತ್ತಿ, ಕಡಿದಾದ ಏರು ಇರುವ ಕಡೆ ಈ ವೇಗವನ್ನು 1.36 ಪಟ್ಟಿನವರೆಗೂ ಹೆಚ್ಚಿಸಿ ಲೆಕ್ಕ ಹಾಕಬೇಕು ಎನ್ನುತ್ತದೆ ಅದೇ ಸಂಹಿತೆ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 65 ಇದ್ದದ್ದು 120 ದಾಟುತ್ತದೆ. ಬಯಲುಸೀಮೆಯ ಅಕ್ಕಿ ಗಿರಣಿಗೆ ಚೆನ್ನಾಗಿ ಶೀಟು ಹೊದಿಸಿದವರ ಅಳತೆಯೇ ಅತ್ತಿಗುಂಡಿಯ ಏಣಿನ ಮೇಲಿನ ಗೋಡೌನಿಗೂ ಸಾಲುತ್ತದೆ ಎಂದು ನಾನು ಒಪ್ಪದಿರುವುದು ಇದಕ್ಕೇ.

ಆದ್ದರಿಂದ ಯಾರೇ ಬರಲಿ, ನಾನು ಕೇಳುವುದು ಹಳೇ ಕೆಲಸದ ವಿಳಾಸ. ಹೋದ ತಿಂಗಳು ಮುಗಿಸಿದ್ದು ಬೇಡ, ಅದರ ಫೋಟೋ ಎಲ್ಲರ ಮೊಬೈಲಿನಲ್ಲೂ ಚೆನ್ನಾಗಿಯೇ ಇರುತ್ತದೆ. ಮೂರು ಮಳೆಗಾಲವಾದರೂ ಕಂಡ ಮಾಡು ಬೇಕು, ಅದೂ ನಮ್ಮಂಥ ಗಾಳಿಯ ಜಾಗದಲ್ಲಿ. ಹೋಗಿ ನಿಂತು ನೋಡಿದರೆ ಮಾಡು ತಾನೇ ಹೇಳುತ್ತದೆ. ಸ್ಕ್ರೂ ಸಾಲು ನೇರವಾಗಿದೆಯೇ, ಅಂಚಿನಲ್ಲಿ ನಡುವಿಗಿಂತ ಒತ್ತಾಗಿದೆಯೇ ನೋಡಿ. ಸ್ಕ್ರೂ ಅಡಿಯ ರಬ್ಬರ್ ವಾಷರನ್ನು ಹಿಂಡಿ ಚಪ್ಪಟೆ ಮಾಡಿದ್ದರೂ ಸೋರುತ್ತದೆ, ಸಡಿಲ ಬಿಟ್ಟಿದ್ದರೂ ಸೋರುತ್ತದೆ. ಶೀಟಿನ ಮೇಲೆ ಹುಡಿಹುಡಿಯಾಗಿ ತುಕ್ಕಿನ ಚುಕ್ಕೆಗಳಿದ್ದರೆ ಗ್ರೈಂಡರಿನಲ್ಲಿ ಕತ್ತರಿಸಿ ಕಬ್ಬಿಣದ ಪುಡಿ ಗುಡಿಸದೆ ಹೋಗಿದ್ದಾರೆ ಎಂದರ್ಥ. ಅದು ಅವಸರದ ಗುರುತು. ಶೀಟಿನ ಮೇಲೆ ಶೀಟು ಬರುವ ಜೋಡಣೆಯ ಬಾಯಿ ಗಾಳಿ ಬರುವ ದಿಕ್ಕಿಗೆ ತೆರೆದಿರಬಾರದು. ನಮ್ಮ ಮಳೆ ನೈಋತ್ಯದಿಂದ ಬರುವುದರಿಂದ ಮೂಡಣ ಕಡೆಯಿಂದ ಹೊದಿಸುತ್ತಾ ಪಡುವಣಕ್ಕೆ ಬರಬೇಕು. ಗೊತ್ತಿದ್ದವರು ಇದನ್ನು ಕೇಳದೆಯೇ ಮಾಡುತ್ತಾರೆ. ಗೊತ್ತಿಲ್ಲದವರು ಏಣಿ ಎಲ್ಲಿ ಇಟ್ಟಿದ್ದರೋ ಅಲ್ಲಿಂದ ಶುರು ಮಾಡುತ್ತಾರೆ.

ಆ ಮನೆಯವರನ್ನೂ ಮಾತಾಡಿಸಬೇಕು. "ಕೆಲಸ ಚೆನ್ನಾಗಿದ್ಯಾ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಜುಲೈನಲ್ಲಿ ಇರಚಲು ಹೊಡೆದಾಗ ಎಲ್ಲಿ ನೀರು ಬಂತು, ಫೋನ್ ಮಾಡಿದಾಗ ಬಂದರೋ, ಬಂದು ದುಡ್ಡು ಕೇಳಿದರೋ, ಹೀಗೆ ಕೇಳಿದರೆ ನಿಜ ಹೊರಗೆ ಬರುತ್ತದೆ. ಆಡಿಕೊಳ್ಳುವುದಕ್ಕೆ ಸಂಕೋಚಪಡುವ ಮನೆಯವರೂ "ಒಂದ್ಸಲ ಬಂದು ಸರಿ ಮಾಡಿ ಹೋದ್ರು, ದುಡ್ಡು ಮುಟ್ಟಲಿಲ್ಲ" ಎನ್ನುವುದನ್ನು ಮಾತ್ರ ಖುಷಿಯಿಂದ ಹೇಳುತ್ತಾರೆ. ಸೋರಿದ್ದೇ ಇಲ್ಲ ಎನ್ನುವ ಮಾತಿಗಿಂತ ನನಗೆ ಈ ಮಾತಿನ ಮೇಲೆ ಹೆಚ್ಚು ನಂಬಿಕೆ.

ಶೀಟಿನ ದಪ್ಪದ ಬಗ್ಗೆ ಒಂದು ಮಾತು. ಕೊಟೇಷನ್‌ನಲ್ಲಿ ಬರೀ "ಕಲರ್ ಶೀಟ್" ಎಂದಿದ್ದರೆ ಒಪ್ಪಬೇಡಿ. ಬಣ್ಣ, ಲೇಪ ಸೇರಿ 0.50 ಮಿ.ಮೀ. ಎನ್ನುವ ಶೀಟಿನಲ್ಲಿ ಉಕ್ಕಿನ ದಪ್ಪ 0.45ರ ಆಸುಪಾಸು ಇರುತ್ತದೆ, ಆದ್ದರಿಂದ ಹೇಳುವ ಅಂಕಿ ಯಾವುದೆಂದು ಬರೆಸಿಕೊಳ್ಳಬೇಕು. ತುಕ್ಕು ತಡೆಯುವ ಸತುವಿನ ಲೇಪ ಚದರ ಮೀಟರಿಗೆ 120 ಗ್ರಾಂ ಇರುವುದೂ ಸಿಗುತ್ತದೆ, 275 ಗ್ರಾಂ ಇರುವುದೂ ಸಿಗುತ್ತದೆ. ನಮ್ಮ ಮಂಜು, ಮಳೆಯಲ್ಲಿ ಈ ವ್ಯತ್ಯಾಸ ವರ್ಷಗಳ ಲೆಕ್ಕದಲ್ಲಿ ಕಾಣುತ್ತದೆ. ಶೀಟು ಲಾರಿಯಿಂದ ಇಳಿಯುವಾಗ ಅದರ ಮೇಲೆ ಅಚ್ಚಾದ ಸಾಲನ್ನು ಓದಿ ಬಿಲ್ಲಿನ ಜೊತೆ ತಾಳೆ ನೋಡಿ.

ಇಷ್ಟೆಲ್ಲ ನೋಡುವ ಮಾಲೀಕರೂ ಮರೆಯುವುದೊಂದಿದೆ. ಈ ಲೇಖನ ಬರೆಯಲು ಕೂತದ್ದೇ ಅದರ ಸಲುವಾಗಿ.

ಮೇಲೆ ಹತ್ತುವವರು ಗುತ್ತಿಗೆ ಮಾತಾಡಿದ ಕಂಟ್ರಾಕ್ಟರ್ ಅಲ್ಲ. ಅವರ ಹಿಂದೆ ಪಿಕಪ್‌ನಲ್ಲಿ ಬಂದ ಹುಡುಗರು. ಇಪ್ಪತ್ತು, ಇಪ್ಪತ್ತೆರಡು ವಯಸ್ಸು, ಹವಾಯಿ ಚಪ್ಪಲಿ, ಹಲವರಿಗೆ ಕನ್ನಡ ಬರುವುದಿಲ್ಲ. ಪಾಚಿ ಕಟ್ಟಿದ ಹಳೇ ಸಿಮೆಂಟ್ ಶೀಟಿನ ಮೇಲೆ ಅವರು ಓಡಾಡುವುದನ್ನು ಕೆಳಗೆ ನಿಂತು ನೋಡಿದರೆ ನನ್ನ ಜೀವ ಬಾಯಿಗೆ ಬರುತ್ತದೆ. ಸಿಮೆಂಟ್ ಶೀಟು, ಬೆಳಕಿಗೆ ಹಾಕಿದ ಫೈಬರ್ ಶೀಟು ಎರಡೂ ನೋಡಲು ಗಟ್ಟಿ, ಮನುಷ್ಯನ ಭಾರಕ್ಕೆ ಒಂದೇ ಕ್ಷಣದಲ್ಲಿ ಮುರಿಯುತ್ತವೆ. ಅಂಚಿನಿಂದ ಜಾರುವವರಿಗೆ ಹಿಡಿಯಲು ಏನಾದರೂ ಸಿಕ್ಕೀತು, ಶೀಟಿನ ಮೂಲಕ ಬೀಳುವವರಿಗೆ ಅದೂ ಇಲ್ಲ. ಬ್ರಿಟನ್‌ನಲ್ಲಿ ಪ್ರತಿ ವರ್ಷ ಕೆಲಸದ ಸ್ಥಳದ ಸಾವುಗಳ ಕಾರಣಗಳಲ್ಲಿ ಎತ್ತರದಿಂದ ಬೀಳುವುದು ಮೇಲಿನ ಸ್ಥಾನದಲ್ಲಿರುತ್ತದೆ. ಅಲ್ಲಿನ ಸುರಕ್ಷತಾ ಇಲಾಖೆ ಒಡೆಯುವ ಮಾಡಿನ ಬಗ್ಗೆ ಪ್ರತ್ಯೇಕವಾಗಿ ಎಚ್ಚರಿಸುತ್ತಲೇ ಇದೆ. ನಮ್ಮಲ್ಲೂ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಡಿ 1998ರಲ್ಲಿ ಬಂದ ಕೇಂದ್ರ ನಿಯಮಗಳು ಇಳಿಜಾರು ಮಾಡಿನ ಕೆಲಸಕ್ಕೆ ತೆವಳುವ ಹಲಗೆ ಇರಬೇಕು ಎಂದು ಹೇಳಿದವು. ಆದರೆ ಆ ಕಾಯ್ದೆ ಹತ್ತು ಕಾರ್ಮಿಕರಿಗಿಂತ ಕಡಿಮೆ ಇರುವ ಕೆಲಸಕ್ಕೆ ಅನ್ವಯಿಸುತ್ತಿರಲಿಲ್ಲ, ಸ್ವಂತ ವಾಸದ ಸಣ್ಣ ಮನೆಗಳನ್ನೂ ಹೊರಗಿಟ್ಟಿತ್ತು. ನಾಲ್ಕು ಹುಡುಗರು ನಾಲ್ಕು ದಿನದಲ್ಲಿ ಮುಗಿಸುವ ನಮ್ಮ ಮಾಡಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಕಂಟ್ರಾಕ್ಟರ್‌ಗಳ ಸುರಕ್ಷತೆಯ ದಾಖಲೆ ಎಂದು ನಮ್ಮಲ್ಲಿ ಎಲ್ಲೂ ತೆರೆದು ನೋಡುವಂಥದ್ದಿಲ್ಲ. ಹಾಗಾಗಿ ನಾನು ನೇರವಾಗಿ ಕೇಳುತ್ತೇನೆ. "ಮೇಸ್ತ್ರಿ, ನಿಮ್ಮ ಹುಡುಗರು ಯಾರಾದ್ರೂ ಯಾವತ್ತಾದ್ರೂ ಬಿದ್ದಿದ್ದಾರಾ?" ಎಂದರೆ ಕೆಲವರು ತಕ್ಷಣ "ಇಲ್ಲಮ್ಮ, ದೇವ್ರು ದೊಡ್ಡೋನು" ಎಂದು ಮಾತು ಮುಗಿಸುತ್ತಾರೆ. ಒಬ್ಬರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿದ್ದಿದ್ದ ಅಮ್ಮ, ಸೊಂಟ ಮುರೀತು. ಆಸ್ಪತ್ರೆದು ನಾನೇ ಕಟ್ಟಿದೆ. ಆಮೇಲಿಂದ ಹಗ್ಗ ಇಲ್ದೆ ಯಾರನ್ನೂ ಹತ್ತಿಸಲ್ಲ" ಎಂದರು. ನಾನು ಕೆಲಸ ಕೊಟ್ಟದ್ದು ಅವರಿಗೆ.

ಹಗ್ಗ ಇದೆ ಎನ್ನುವ ಮಾತನ್ನೂ ನೋಡಿಯೇ ನಂಬಬೇಕು. ಪಿಕಪ್‌ನಲ್ಲಿ ಇಡೀ ಮೈಗೆ ಕಟ್ಟುವ ಹಾರ್ನೆಸ್ ಇದೆಯೇ, ಬರೀ ಸೊಂಟದ ಬೆಲ್ಟೇ? ಸೊಂಟದ ಬೆಲ್ಟಿನಲ್ಲಿ ನೇತಾಡಿದವರಿಗೆ ಹೊಟ್ಟೆ, ಬೆನ್ನಿಗೆ ಪೆಟ್ಟಾಗುತ್ತದೆ. ಹಾರ್ನೆಸ್ ಇದ್ದರೆ ಅದನ್ನು ಎಲ್ಲಿಗೆ ಕಟ್ಟುತ್ತಾರೆ? ರೀಪಿಗೆ, ದೋಣಿಯ ಕ್ಲಾಂಪಿಗೆ ಕಟ್ಟಿದರೆ ಕಟ್ಟದಂತೆಯೇ. ಟ್ರಸ್ಸಿಗೆ ಅಥವಾ ಗೋಡೆಯ ಆಚೆಯ ಗಟ್ಟಿ ಆಧಾರಕ್ಕೆ ಬರಬೇಕು. ಹಳೇ ಸಿಮೆಂಟ್ ಶೀಟು ತೆಗೆಯುವ ಕೆಲಸವಾದರೆ ಅಗಲದ ಹಲಗೆಗಳಿಲ್ಲದೆ ಒಬ್ಬರೂ ಮೇಲೆ ಹೋಗಕೂಡದು. ಆ ಶೀಟಿನಲ್ಲಿ ಕಲ್ನಾರು ಇರುವುದರಿಂದ ಒಣಗಿದ್ದಾಗ ಗ್ರೈಂಡರ್ ಹಾಕಿ ಕತ್ತರಿಸಬಾರದು. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಅದರ ಧೂಳಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, ಬರುವುದು ಹತ್ತಾರು ವರ್ಷ ಕಳೆದ ಮೇಲೆ. ಆಗ ಆ ಹುಡುಗ ಯಾವ ಊರಿನಲ್ಲಿರುತ್ತಾನೋ, ಈ ಗೋಡೌನನ್ನು ಯಾರು ನೆನಪಿಡುತ್ತಾರೋ. ಮಾಡಿನ ಹತ್ತಿರ ಕರೆಂಟಿನ ತಂತಿ ಹಾದಿದ್ದರೆ ಮೆಸ್ಕಾಂಗೆ ಮೊದಲೇ ಅರ್ಜಿ ಕೊಟ್ಟು ಲೈನ್ ಬಂದ್ ಮಾಡಿಸುವುದು ಮಾಲೀಕರ ಕೆಲಸ. ಇಪ್ಪತ್ತಡಿಯ ಶೀಟನ್ನು ಇಬ್ಬರು ಎತ್ತಿ ತಿರುಗಿಸುವಾಗ ಗಾಳಿ ಒಮ್ಮೆ ಬೀಸಿದರೂ ಸಾಕು, ತಂತಿಗೆ ತಾಗುತ್ತದೆ.

ಬಿದ್ದರೆ ಹೊಣೆ ಯಾರದು? ಬಹಳ ಜನ ಮಾಲೀಕರು "ಗುತ್ತಿಗೆ ಕೊಟ್ಟಾಯ್ತಲ್ಲ, ಅವರದು" ಎಂದುಕೊಂಡಿರುತ್ತಾರೆ. ಕಾನೂನು ಅಷ್ಟು ಸರಳವಾಗಿಲ್ಲ. ಕಾರ್ಮಿಕರ ಪರಿಹಾರದ 1923ರ ಕಾಯ್ದೆಯ ಕಾಲದಿಂದಲೂ ಇರುವ ತತ್ವ ಇದು: ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವರ ಮೇಲೂ ಪರಿಹಾರದ ಹೊಣೆ ಬರಬಹುದು, ಪರಿಹಾರ ಕೊಟ್ಟ ಮೇಲೆ ಅವರು ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬೇಕು. ಸ್ವಂತ ಮನೆಯ ಜಗಲಿಯ ಮಾತು ಬೇರೆ, ತೋಟದ ಪಲ್ಪರ್ ಮನೆ, ಗೋಡೌನಿನ ಮಾತು ಬೇರೆ. ಮೊತ್ತ ಎಷ್ಟು ಎಂದರೆ, 25 ವಯಸ್ಸಿನ ಹುಡುಗ ಸತ್ತರೆ ತಿಂಗಳ ಸಂಬಳದ ಅರ್ಧವನ್ನು 216.91ರಿಂದ ಗುಣಿಸುತ್ತಾರೆ. 2020ರಲ್ಲಿ ನಿಗದಿಯಾದ 15,000 ರೂಪಾಯಿಯ ಸಂಬಳದ ಮಿತಿಯಲ್ಲಿ ಅದು 16 ಲಕ್ಷ ದಾಟುತ್ತದೆ. ಅಷ್ಟು ದುಡ್ಡು ನಮ್ಮಂಥ ಸಣ್ಣ ಬೆಳೆಗಾರರ ಹತ್ತಿರವೂ ಇರುವುದಿಲ್ಲ, ಪಿಕಪ್‌ನವರ ಹತ್ತಿರವೂ ಇರುವುದಿಲ್ಲ. ಹುಡುಗನ ತಾಯಿಗೆ ಏನೂ ಸಿಗದೆ ಹೋಗುವುದು ಹೀಗೆ. ಅದಕ್ಕೇ ಕಾರ್ಮಿಕರ ಪರಿಹಾರದ ಪಾಲಿಸಿ ಇದೆಯೇ ಎಂದು ಕೇಳಬೇಕು. ಇದ್ದರೆ ಅದರ ಅವಧಿ ಮುಗಿದಿಲ್ಲವೇ, ಎಷ್ಟು ಜನರಿಗೆ, ಎತ್ತರದ ಕೆಲಸ ಅದರೊಳಗೆ ಬರುತ್ತದೆಯೇ ಎಂದು ಓದಿ ನೋಡಬೇಕು. ಇಲ್ಲದಿದ್ದರೆ ಆ ಕೆಲಸದ ಮಟ್ಟಿಗೆ ಮಾಡಿಸಿ ಖರ್ಚನ್ನು ಗುತ್ತಿಗೆಯಲ್ಲಿ ಸೇರಿಸಿಕೊಳ್ಳಬಹುದು. ಹುಡುಗರ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲೂ ಅಪಘಾತದ ಸಾವಿಗೆ 2 ಲಕ್ಷ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದ್ದವರಿಗೆ ಮಂಡಳಿಯ ಸಹಾಯವೂ ಉಂಟು.

ಲೈನ್ ಮನೆಗಳ ವಿಷಯದಲ್ಲಿ ಇನ್ನೊಂದು ಹೊಣೆ ಇದೆ. ತೋಟದವರು ಕೊಟ್ಟ ಮನೆ ಕುಸಿದು ಕಾರ್ಮಿಕರಿಗೋ ಅವರ ಮಕ್ಕಳಿಗೋ ಪೆಟ್ಟಾದರೆ ಪರಿಹಾರ ಕೊಡಬೇಕಾದವರು ಮಾಲೀಕರೇ ಎಂದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಗೆ ಆಮೇಲೆ ಸೇರಿಸಿದ ಕಲಂ ಹೇಳಿತು. ವಾಸಿಸುವವರದೇ ತಪ್ಪಿದ್ದರೆ, ಪ್ರಕೃತಿ ವಿಕೋಪವಾದರೆ ಮಾತ್ರ ವಿನಾಯಿತಿ. ಅಗ್ಗದ ಕೆಲಸಗಾರರನ್ನು ಲೈನ್ ಮನೆಗೆ, ಒಳ್ಳೆಯವರನ್ನು ಬಂಗಲೆಗೆ ಎಂದು ಹಂಚುವವರು ಇದನ್ನು ಓದಬೇಕು.

ಕೆಲಸ ಶುರುವಾಗುವ ಬೆಳಿಗ್ಗೆ ಹುಡುಗರ ಹೆಸರು, ಮನೆಯವರ ಫೋನ್ ನಂಬರು, ರಕ್ತದ ಗುಂಪು ಚೆಕ್‌ರೋಲ್ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಕಾಫಿ ಕೊಡುವ ನೆಪದಲ್ಲಿ ಮಾತಾಡಿಸಿದರೆ ಕೂಲಿ ವಾರಕ್ಕೆ ಸರಿಯಾಗಿ ಸಿಗುತ್ತದೆಯೋ ಇಲ್ಲವೋ ತಿಳಿಯುತ್ತದೆ. ಹುಡುಗರಿಗೆ ಸರಿಯಾಗಿ ಕೊಡದವರು ನನ್ನ ಸ್ಕ್ರೂಗಳಿಗೂ ಸರಿಯಾದ ದುಡ್ಡು ಹಾಕುವುದಿಲ್ಲ. ಕಳಸದಿಂದ ಚಿಕ್ಕಮಗಳೂರಿನ ಆಸ್ಪತ್ರೆಗೆ 90 ಕಿಲೋಮೀಟರಿನ ಆಸುಪಾಸು, ಅದೂ ತಿರುವಿನ ದಾರಿ. ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಿದರೆ ಬೆನ್ನುಹುರಿಗೆ ಇನ್ನಷ್ಟು ಪೆಟ್ಟಾಗಬಹುದು. ಅಲುಗಾಡಿಸದೆ ಹಲಗೆಯ ಮೇಲೆ ಮಲಗಿಸಬೇಕು, 108ಕ್ಕೆ ಕರೆ ಮಾಡಬೇಕು, ಸಿಗ್ನಲ್ ಎಲ್ಲಿ ಸಿಗುತ್ತದೆ ಎನ್ನುವುದು ಮೊದಲೇ ಗೊತ್ತಿರಬೇಕು.

ದುಡ್ಡಿನ ವಿಷಯ ಬೇಗ ಹೇಳುತ್ತೇನೆ. ಅರ್ಧ ಅಡ್ವಾನ್ಸ್ ಕೊಡಬೇಡಿ. ಶೀಟು, ಕಬ್ಬಿಣದ ದುಡ್ಡನ್ನು ಅಂಗಡಿಗೇ ನೇರವಾಗಿ ಕಟ್ಟಿ, ಬಿಲ್ಲು ನಿಮ್ಮ ಹೆಸರಿನಲ್ಲಿರಲಿ. ಕೂಲಿಯನ್ನು ಕೆಲಸ ಮುಂದುವರಿದಂತೆ ಕೊಡಿ, ಹತ್ತರಲ್ಲೊಂದು ಪಾಲನ್ನು ಮೊದಲ ಜಡಿಮಳೆ ಕಳೆಯುವ ತನಕ ಹಿಡಿದಿಡಿ, ಹಾಗೆಂದು ಮೊದಲೇ ಬರೆದು ಇಬ್ಬರೂ ಸಹಿ ಹಾಕಿ. ರಸೀದಿ ಇದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಈಗ ಮಾಡಿನ ಮೇಲೆ ಸೋಲಾರ್ ಹಾಕಿಸುವವರೂ ಹೆಚ್ಚುತ್ತಿದ್ದಾರೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ 78,000 ರೂಪಾಯಿಯವರೆಗೆ ಸಬ್ಸಿಡಿ ಇದೆ. ಅದರ ಕೆಲಸ ಮಾಡುವವರು ಆ ಯೋಜನೆಯ ಜಾಲತಾಣದಲ್ಲಿ ನೋಂದಾಯಿತರಾಗಿರಬೇಕು, ಹೆಸರು ಹುಡುಕಿ ನೋಡಬಹುದು. ಆದರೆ ಆ ನೋಂದಣಿ ಪ್ಯಾನೆಲ್ ಕೆಲಸಕ್ಕೆ. ಅವರು ನಿಮ್ಮ ಶೀಟಿಗೆ ತೂತು ಕೊರೆದ ಜಾಗ ಸೋರಿದರೆ ಯಾರು ಸರಿಮಾಡಬೇಕು ಎಂದು ಮಾಡು ಹೊದಿಸಿದವರನ್ನೂ ಕೂರಿಸಿಕೊಂಡೇ ಬರೆಸಿ.

ಹಾರ್ನೆಸ್, ಹಲಗೆ, ಪಾಲಿಸಿ ಎಂದರೆ ದರ ಏರುತ್ತದೆ, ನಿಜ. ಅದನ್ನು ಕೊಟೇಷನ್‌ನಲ್ಲಿ ಬೇರೆ ಸಾಲಾಗಿ ಬರೆಯಲು ಹೇಳಿ, ಆ ಸಾಲಿನಲ್ಲಿ ಚೌಕಾಸಿ ಮಾಡಬೇಡಿ. ಕಡಿಮೆ ದರ ಹೇಳಿದವರು ಕಡಿಮೆ ಮಾಡಿರುವುದು ಅಲ್ಲೇ. ನನ್ನದೊಂದು ಕೋರಿಕೆಯೂ ಇದೆ. ನಮ್ಮ ಹೋಬಳಿಗಳಲ್ಲಿ ಬೆಳೆಗಾರರ ಸಂಘಗಳಿವೆ, ಪಂಚಾಯಿತಿಗಳಿವೆ, ಮಹಿಳಾ ಸಂಘಗಳಿವೆ. ಯಾವ ಮಾಡನ್ನು ಯಾರು, ಯಾವ ವರ್ಷ ಹೊದಿಸಿದರು, ಮಳೆಗಾಲದಲ್ಲಿ ಹೇಗಿತ್ತು, ಹುಡುಗರಿಗೆ ಹಗ್ಗ ಇತ್ತೇ, ಯಾರಾದರೂ ಬಿದ್ದರೇ ಎಂದು ಬರೆದಿಡುವ ಒಂದು ಪುಸ್ತಕ ಪ್ರತಿ ಕಡೆ ಇರಲಿ. ಈ ಆಗಸ್ಟ್‌ನಲ್ಲಿ, ಮಳೆ ಹೊಡೆಯುತ್ತಿರುವಾಗಲೇ, ನಮ್ಮ ಊರಿನದ್ದನ್ನು ಶುರು ಮಾಡುತ್ತೇವೆ. ಮುಂದಿನ ಏಪ್ರಿಲ್‌ನಲ್ಲಿ ಪಿಕಪ್ ಬಂದು ನಿಲ್ಲುವ ಹೊತ್ತಿಗೆ ಅದರಲ್ಲಿ ಕೆಲವು ಪುಟಗಳಾದರೂ ತುಂಬಿರಬೇಕು.